ಕೊನೇ ಕೈ

ನಮ್ಮ ಊರಿನಲ್ಲಿ ಯಾರೂ ಬಾಗಿಲನ್ನು ದಡಾರನೆ ಹಾಕುವುದಿಲ್ಲ. ಸಿಟ್ಟು ಬಂದರೆ ಗಂಡ ಹೆಂಡತಿಯ ಮೇಲೆ ಕೂಗಾಡಬಹುದು, ಹೆಂಡತಿ ಅನ್ನ ಬಸಿದ ಗಂಜಿಯನ್ನು ಗಂಡನ ಕಾಲಿಗೇ ಚೆಲ್ಲಬಹುದು, ಆದರೆ ಬಾಗಿಲು ಮಾತ್ರ ಮೆಲ್ಲಗೆ ಹಾಕಬೇಕು. ಬಾಗಿಲು ಮುರಿದರೆ ಅದನ್ನು ಮಾಡಿದವನಿಗೆ ನೋಯುತ್ತದೆ. ಕೀಲು ಕಿತ್ತರೆ ಮಂಡಿ ಹಿಡಿಯುತ್ತದೆ, ಹಲಗೆ ಸೀಳಿದರೆ ಪಕ್ಕೆ. ಹಳೇ ಮಂಚವನ್ನು ಸೌದೆಗೆ ಒಡೆಯಬೇಕಾದರೆ ಹಿಂದಿನ ದಿನವೇ ಬಡಗಿಯ ಮನೆಗೆ ಎಲೆ ಅಡಿಕೆ ಹಿಡಿದುಕೊಂಡು ಹೋಗಿ, 'ನಾಳೆ ಬೆಳಗ್ಗೆ ಒಡೀತೀವಿ ಕಣಪ್ಪ, ಎಣ್ಣೆ ಹಚ್ಕೊಂಡು ಮಲಗಿರು' ಅಂತ ಹೇಳಿ ಬರುವುದು ಪದ್ಧತಿ. ಮರವಾದರೆ ಒಲೆಗೆ ಹೋಗಿ ಬೂದಿಯಾಗುತ್ತದೆ, ಅದರ ನೋವು ಅವತ್ತಿಗೇ ತೀರುತ್ತದೆ. ಕಬ್ಬಿಣ ಬೂದಿಯಾಗುವುದಿಲ್ಲವಲ್ಲ! ಮಾಡಿದವನೇ ತನ್ನ ಕೈಯಾರೆ ಮತ್ತೆ ಸರಿಮಾಡುವ ತನಕ ಕಬ್ಬಿಣದ ನೋವು ಬಿಡುವುದಿಲ್ಲ.

ಹಾಗಾಗಿ ನಮ್ಮಲ್ಲಿ ಕೈಕಸುಬಿಗೆ ಯಾರೂ ಮಕ್ಕಳನ್ನು ಹಾಕುವುದಿಲ್ಲ. ಇರುವ ಒಬ್ಬ ಬಡಗಿಯ ಮರಗೆಲಸ ಬಿಟ್ಟರೆ, ಮಡಕೆಯಿಂದ ಹಿಡಿದು ಮೊಳೆಯವರೆಗೆ ಎಲ್ಲ ಊರಾಚೆಯ ಸೇತುವೆ ದಾಟಿ ಬರುತ್ತದೆ. ಆಚೆಯಲ್ಲಿ ಈ ಕಾಟವಿಲ್ಲ. ಹಬ್ಬಕ್ಕೆ ಮಕ್ಕಳು ಮಣ್ಣಿನ ಎತ್ತು ಮಾಡಿದರೂ ಕೊನೆಗೊಂದು ಸಲ ತಾಯಿ ಅದರ ಬೆನ್ನು ಒತ್ತಿ ನುಣ್ಣಗೆ ಮಾಡುತ್ತಾಳೆ. ಅದಕ್ಕೆ ಕೊನೇ ಕೈ ಅನ್ನುತ್ತಾರೆ. ಕೊನೇ ಕೈ ಯಾರದೋ ನೋವು ಅವರದು. ಸುಮ್ಮನೆ ಮುಟ್ಟಿದರೆ ಆಗುವುದಿಲ್ಲ, ಕೆಲಸ ಅಂತ ಚೂರಾದರೂ ನಡೆಯಬೇಕು: ಮಣ್ಣಾದರೆ ಒಂದು ಒತ್ತು, ಕಬ್ಬಿಣವಾದರೆ ಒಂದು ಚಿಟಿಕೆ ಪುಡಿ ಉದುರಬೇಕು.

ನಾನು ಈ ಊರಿನವನೇ ಆದರೂ ಹದಿನೇಳನೇ ವಯಸ್ಸಿಗೆ ಸೇತುವೆ ದಾಟಿ ಓಡಿದವನು. ಇಪ್ಪತ್ತೆರಡು ವರ್ಷ ಕಾರ್ಖಾನೆಯೊಂದರಲ್ಲಿ ಕಬ್ಬಿಣ ತಿರುವಿ ಕೊಯ್ಯುವ ಲೇತು ಓಡಿಸಿದೆ. ನಾನು ತಿರುವಿದ ಬೋಲ್ಟುಗಳು ಎಲ್ಲೆಲ್ಲಿ ಮುರಿದವೋ, ಯಾವ ಮೋರಿಯಲ್ಲಿ ಬಿದ್ದವೋ, ನನಗೊಂದು ಹಲ್ಲುನೋವೂ ಬರಲಿಲ್ಲ. ಕಾರ್ಖಾನೆ ಮುಚ್ಚಿದ ಮೇಲೆ ಊರಿಗೆ ಬಂದು ತಂಗಿಯ ಮನೆಯ ಜಗಲಿಯಲ್ಲಿ ಕೂತಿದ್ದಾಗ ಸರ್ಕಾರಿ ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ ಅಂಬುಜಾಕ್ಷಿ ಮೇಡಂ ಕೊಡೆ ಊರಿಕೊಂಡು ಬಂದರು. ಶಾಲೆಗೆ ನಾಲ್ಕು ಲೇತು, ಎರಡು ಡ್ರಿಲ್ಲಿಂಗ್ ಮಷೀನು, ವೆಲ್ಡಿಂಗ್ ಸೆಟ್ಟು ಮಂಜೂರಾಗಿವೆಯಂತೆ. ಕಲಿಸುವವರಿಲ್ಲ.

"ಮರುಳಸಿದ್ದಪ್ಪನವರೇ, ಈ ಮಕ್ಕಳು ಸೇತುವೆ ದಾಟಿದ್ರೆ ಮೂಟೆ ಹೊರೋದು ಬಿಟ್ಟು ಬೇರೇನೂ ಗೊತ್ತಿಲ್ಲ. ಸ್ಕ್ರೂ ತಿರುಗಿಸೋಕೂ ಬರಲ್ಲ. ಒಂದು ವಿದ್ಯೆ ಕೊಟ್ಟು ಕಳಿಸೋಣ," ಅಂದರು.

"ಊರವರು ಒಪ್ತಾರಾ ಮೇಡಂ?"

"ಅದಕ್ಕೇ ನಿಮ್ಮನ್ನ ಕೇಳ್ತಿರೋದು. ಮಕ್ಕಳು ಮಾಡಲಿ. ಕೊನೇ ಕೈ ನೀವು ಹಾಕಿ."

ನಾನು ನಕ್ಕೆ. ದೇವರಾಣೆಗೂ ನಕ್ಕೆ. ಇಪ್ಪತ್ತೆರಡು ವರ್ಷ ಆಚೆ ಇದ್ದು ಬಂದವನಿಗೆ ಊರಿನ ನೋವೆಲ್ಲ ಅಜ್ಜಿಯರ ಬಡಬಡಿಕೆಯಾಗಿ ಕಂಡಿತ್ತು. ಆಯಿತು ಅಂದುಬಿಟ್ಟೆ.

ಬಿಸಿಯೂಟದ ಹಳೇ ಕೋಣೆಯನ್ನು ಖಾಲಿ ಮಾಡಿ ಲ್ಯಾಬ್ ಕಟ್ಟಲು ಶುರುಮಾಡಿದೆವು. ಗೋಡೆಯ ಮಸಿ ಕೆರೆದು ಸುಣ್ಣ ಹೊಡೆಸಿದೆ. ಲೇತು ಅಲುಗಾಡದಂತೆ ನೆಲಕ್ಕೆ ಕಾಂಕ್ರೀಟು ಹಾಕಬೇಕಾಗಿತ್ತು. ಆಳುಗಳು ಕಲಸಿದರು, ಸುರಿದರು, ಮಟ್ಟ ಮಾಡಿದರು, ಕರಣೆ ನನ್ನ ಕೈಗೆ ಕೊಟ್ಟು ಹತ್ತು ಮಾರು ದೂರ ಹೋಗಿ ನಿಂತರು. ನಾನು ಶಿಳ್ಳೆ ಹಾಕುತ್ತ ಕೊನೇ ಕರಣೆ ಎಳೆದೆ. ಹನ್ನೆರಡನೇ ದಿನ ಮೊದಲನೇ ಲೇತನ್ನು ಇಳಿಸುವಾಗ ಹಗ್ಗ ಜಾರಿ, ಅದರ ಒಂದು ಕಾಲು ನೆಲಕ್ಕೆ ಅಪ್ಪಳಿಸಿ ಕಾಂಕ್ರೀಟು ಬಿರುಕುಬಿಟ್ಟಿತು. ಆ ಗಳಿಗೆಯಲ್ಲಿ ನಾನು ಅಂಗಳದ ಆ ತುದಿಯಲ್ಲಿ ಟೀ ಕುಡಿಯುತ್ತ ನಿಂತಿದ್ದೆ. ಹಿಮ್ಮಡಿಯಿಂದ ಮೀನಖಂಡದ ತನಕ ಯಾರೋ ಕುಡುಗೋಲಿನಲ್ಲಿ ಎಳೆದಂತಾಯಿತು. ಲೋಟ ಬಿಟ್ಟು ಕೂತುಬಿಟ್ಟೆ. ಆಳುಗಳಲ್ಲಿ ಒಬ್ಬ ಮುದುಕ ಬಂದು ನನ್ನ ಕಾಲು ನೀವುತ್ತ, "ಈಗ ಊರಿನವರಾದ್ರಿ ಬಿಡಿ," ಅಂದ. ಅಳುವಷ್ಟು ನೋವಿನಲ್ಲೂ ನನಗೆ ನಾಚಿಕೆಯಾಯಿತು. ಕುಂಟುತ್ತ ಹೋಗಿ ಸಿಮೆಂಟು ಕಲಸಿ ಬಿರುಕು ತುಂಬಿದ ಮೇಲೇ ಕಾಲು ನೆಲಕ್ಕೆ ಊರಲು ಬಂದದ್ದು.

ಅವತ್ತೇ ಬಿಟ್ಟು ಹೋಗಬಹುದಿತ್ತು. ಹೋಗಲಿಲ್ಲ. ಮಷೀನು ಕಂಡರೆ ನನಗೆ ಮೊದಲಿನಿಂದಲೂ ಒಂದು ಹುಚ್ಚು, ಅದೂ ಕಾಗದ ಬಿಚ್ಚದ ಹೊಸ ಲೇತು!

ಪೋಷಕರ ಸಭೆಗೆ ಊರಿಗೆ ಊರೇ ಬಂತು. ಬೈದರು, ನಕ್ಕರು, ಕೊನೆಗೆ ಮೂವತ್ತು ಮಕ್ಕಳ ಹೆಸರು ಬರೆಸಿದರು. ಪುಟ್ಟತಾಯಮ್ಮ ಮಾತ್ರ ಎಲ್ಲರೂ ಎದ್ದು ಹೋದ ಮೇಲೂ ಬೆಂಚಿನಲ್ಲಿ ಕೂತಿದ್ದಳು, ಪಕ್ಕದಲ್ಲಿ ಎಂಟನೇ ಕ್ಲಾಸಿನ ಮಗಳು ಶಾಂಭವಿ. ಪುಟ್ಟತಾಯಮ್ಮನ ಗಂಡ ರಾಚಪ್ಪ ಊರಿನ ಕೊನೆಯ ಕಮ್ಮಾರ. ಕೆರೆಯ ತೂಬಿಗೆ ಕಬ್ಬಿಣದ ಬಾಗಿಲು ಮಾಡಿಕೊಟ್ಟವನು. ಏಳು ವರ್ಷದ ಹಿಂದೆ ಕೆರೆ ತುಂಬಿ ಮೂರು ಬಾಗಿಲು ಒಂದೇ ದಿನ ಕಿತ್ತುಹೋದವು. ರಾಚಪ್ಪ ಊಟದ ಎಲೆಯ ಮುಂದೆ ಬಿದ್ದವನು ಮತ್ತೆ ಏಳಲಿಲ್ಲ.

"ಬ್ಯಾಡ ಅಂದ್ರೆ ಕೇಳಂಗಿಲ್ಲ ಮೇಷ್ಟ್ರೇ," ಅಂದಳು ಪುಟ್ಟತಾಯಮ್ಮ. "ಅವರಪ್ಪನ ಸುತ್ತಿಗೆ ತಲೆದಿಂಬಿನ ಕೆಳಗೆ ಇಟ್ಕೊಂಡು ಮಲಗ್ತಾಳೆ. ಮೂರು ದಿನದಿಂದ ಉಂಡಿಲ್ಲ. ನಂಗಿರೋದು ಇದೊಂದೇ. ಇವಳು ಏನೇ ಮುಟ್ಟಲಿ, ಕೊನೇ ಕೈ ನಿಮ್ಮದು. ಇವಳ ಮೈಗೆ ಒಂದು ಸೂಜಿಮೊನೆಯಷ್ಟು ನೋವು ಬರಬಾರದು. ಭಾಷೆ ಕೊಡ್ರಿ."

ನಾನು ಅವಳ ಅಂಗೈ ಮೇಲೆ ಅಂಗೈ ಇಟ್ಟು ಭಾಷೆ ಕೊಟ್ಟೆ.

ಶಾಂಭವಿಯ ಬಗ್ಗೆ ಏನು ಹೇಳಲಿ? ಕಾರ್ಖಾನೆಯಲ್ಲಿ ನೂರಾರು ಜನರ ಕೈ ನೋಡಿದ್ದೇನೆ, ಅಂಥ ಕೈ ನೋಡಿರಲಿಲ್ಲ. ಬೇರೆ ಮಕ್ಕಳು ಅಳತೆಯ ಸಾಧನ ಹಿಡಿದು ತಿಣುಕುತ್ತಿದ್ದರೆ ಅವಳು ಕಣ್ಣು ಕಿರಿದು ಮಾಡಿ, "ಇನ್ನೊಂದು ಕೂದಲೆಳೆ ತೆಗೀಬೇಕು ಸಾರ್," ಅನ್ನುವಳು. ಅಳೆದರೆ ಸರಿಯಾಗಿ ಒಂದು ಕೂದಲೆಳೆ ಇರುತ್ತಿತ್ತು. ನಾನು ಎರಡು ಮಾತನ್ನು ದಿನಾ ಹೇಳುತ್ತಿದ್ದೆ. ಏನೇ ಆಗಲಿ, ಮೊದಲು ಮಷೀನು ಆಫ್ ಮಾಡು. ಎರಡನೆಯದು, ಸಿಬಿರು ಇರುವ ಸಾಮಾನು ಯಾರ ಕೈಗೂ ಕೊಡಬೇಡ. ಕಬ್ಬಿಣ ಕೊಯ್ದಾಗ ಅಂಚಿನಲ್ಲಿ ಉಗುರಿಗೆ ತಾಗುವ ಸಣ್ಣ ಸಿಬಿರು ಉಳಿಯುತ್ತದೆ, ಅದನ್ನು ಎಮರಿ ಕಾಗದದಲ್ಲಿ ಉಜ್ಜಿ ತೆಗೆಯದೆ ಕೊಟ್ಟವನು ಕಸುಬಿನವನೇ ಅಲ್ಲ ಅಂತ ಗದರಿಸುತ್ತಿದ್ದೆ. ಬೇರೆಯವರು ಆ ಕಿವಿಯಲ್ಲಿ ಕೇಳಿ ಈ ಕಿವಿಯಲ್ಲಿ ಬಿಡುತ್ತಿದ್ದರು. ಶಾಂಭವಿ ಎರಡನ್ನೂ ಹಾಗೇ ನುಂಗಿಕೊಂಡಳು.

ಮೊದಲ ವರ್ಷ ಚಿಲಕ, ಅಗಳಿ, ಸೌಟು, ಬೆಂಚಿನ ಕಾಲು ಇಷ್ಟು ಮಾಡಿದೆವು. ಮಕ್ಕಳು ಮಾಡಿ ಸಾಲಾಗಿ ಇಡುವರು, ಸಂಜೆ ಗಂಟೆಗೆ ಮುಂಚೆ ನಾನು ಕಬ್ಬಿಣ ಉಜ್ಜುವ ಅರ ಹಿಡಿದು ಒಂದೊಂದಕ್ಕೂ ಕೊನೇ ಕೈ ಹಾಕುವೆ. ಊರವರಿಗೆ ಮೊದಮೊದಲು ಭಯ. ನಮ್ಮ ಚಿಲಕವನ್ನು ಎರಡು ಬೆರಳಲ್ಲಿ ಹಿಡಿದು ಸರಿಸುತ್ತಿದ್ದರು. ಆರು ತಿಂಗಳಾಗುವಷ್ಟರಲ್ಲಿ ಆ ಭಯ ಹೋಯಿತು. ಯಾಕೆ ಹೋಯಿತು ಅಂತ ಈಗ ಗೊತ್ತು. ಬಡಗಿಯಾದರೆ ಪಕ್ಕದ ಬೀದಿಯವನು, ಅವನ ನರಳಾಟ ಕೇಳಿಸುತ್ತದೆ, ನಾಳೆ ಅವನ ಹೆಂಡತಿಗೆ ಮುಖ ತೋರಿಸಬೇಕು. ನಾನೋ ಶಾಲೆಯ ಮೇಷ್ಟ್ರು, ಸಂಬಳದವನು, ನೋಯುವುದೂ ನನ್ನ ನೌಕರಿಯಲ್ಲೇ ಸೇರಿದೆ ಅಂದುಕೊಂಡರು. ನಮ್ಮ ಜನ ಜೀವಮಾನದಲ್ಲಿ ಮೊದಲ ಸಲ ಬಾಗಿಲನ್ನು ದಡಾರನೆ ಹಾಕಿ ಖುಷಿಪಟ್ಟರು. ಬೆಂಚಿನ ಮೇಲೆ ಕುಣಿದರು. ಮುರಿದದ್ದನ್ನು ತಂದುಕೊಟ್ಟಿದ್ದರೆ ಸರಿಮಾಡಿ ನೋವು ಕಳೆದುಕೊಳ್ಳುತ್ತಿದ್ದೆ. ಅದನ್ನೂ ಮಾಡದೆ ಗುಜರಿಯವನಿಗೆ ಹಾಕಿದರು, ಅವನು ಸೇತುವೆ ದಾಟಿಸಿದ. ನನ್ನ ಬೆರಳ ಗೆಣ್ಣುಗಳು ಒಂದೊಂದಾಗಿ ಕಟ್ಟಿಕೊಂಡವು. ಎರಡನೇ ವರ್ಷಕ್ಕೆ ಬಲಗೈ ನಡುಗಲು ಶುರುವಾಯಿತು.

ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಲ್ಯಾಬ್ ಮುಚ್ಚುತ್ತಾರೆ. ಶಾಂಭವಿ ಕಂಡುಹಿಡಿದಳು. ಒಂದು ದಿನ ನನ್ನ ಟೀ ಲೋಟವನ್ನು ಅರ್ಧಕ್ಕೆ ತುಂಬಿಸಿ ತಂದಳು. "ಪೂರ್ತಿ ತಂದ್ರೆ ಚೆಲ್ತೀರ ಸಾರ್," ಅಂದಳು, ಮುಖ ಬೇರೆ ಕಡೆ ತಿರುಗಿಸಿಕೊಂಡು.

ಎರಡನೇ ವರ್ಷದ ಬೇಸಿಗೆಯಲ್ಲಿ ಊರಿನ ಕುಡಿಯುವ ನೀರಿನ ಪಂಪಿನ ಶಾಫ್ಟು, ಅಂದರೆ ಒಳಗೆ ತಿರುಗುವ ಕಬ್ಬಿಣದ ದಂಡ, ಮುರಿಯಿತು. ಆಚೆ ಕಡೆಯ ಹಳೇ ಮಾಲು. ಹೊಸದು ಬರಲು ಎರಡು ತಿಂಗಳು ಬೇಕು ಅಂದರಂತೆ. ಎರಡು ತಿಂಗಳು! ನಾಲ್ಕೇ ದಿನಕ್ಕೆ ಕೆರೆಯ ಕೆಸರಿಗೆ ಜಗಳ ಶುರುವಾಯಿತು. ಪಂಪು ನೋಡಿಕೊಳ್ಳುವ ನೀರುಗಂಟಿ ಮೈಲಾರಿ ಮುರಿದ ತುಂಡುಗಳನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದು ನನ್ನ ಟೇಬಲ್ಲಿನ ಮೇಲಿಟ್ಟ. ಅಂಬುಜಾಕ್ಷಿ ಮೇಡಂ ನನ್ನ ಮುಖ ನೋಡಿದರು, ನಾನು ಶಾಂಭವಿಯ ಮುಖ ನೋಡಿದೆ. ನನ್ನ ಕೈಯಲ್ಲಿ ಆ ಕೆಲಸ ಆಗುತ್ತಿರಲಿಲ್ಲ, ಅದು ಸತ್ಯ.

ಎರಡು ದಿನ ಅವಳು ಲೇತಿನ ಮುಂದಿನಿಂದ ಅಲುಗಲಿಲ್ಲ. ಶಾಫ್ಟು ಮುಗಿದಾಗ ಎಂಥ ಚೆಂದ ಇತ್ತು ಅಂದರೆ ಮೈಲಾರಿ ಚಪ್ಪಲಿ ಬಿಟ್ಟು ಒಳಗೆ ಬಂದು ನೋಡಿದ. ಪುಟ್ಟತಾಯಮ್ಮನೂ ಬಂದಿದ್ದಳು. ಅವಳ ಎದುರಿಗೇ ನಾನು ಅರ ತೆಗೆದುಕೊಂಡು ಶಾಫ್ಟಿನ ತುದಿಯಲ್ಲಿ ಕೊನೇ ಕೈ ಹಾಕಿದೆ. ಪುಡಿ ಉದುರಿತು. ಪುಟ್ಟತಾಯಮ್ಮ ಅದನ್ನು ಕಣ್ಣಾರೆ ನೋಡಿ, ಸೆರಗಿನಿಂದ ಮುಖ ಒರೆಸಿಕೊಂಡು ಮನೆಗೆ ಹೋದಳು. ನಾನು ಕೈ ತೊಳೆಯಲು ನಲ್ಲಿಯ ಹತ್ತಿರ ಹೋದೆ, ನೀರಿಲ್ಲ ಅಂತ ನೆನಪಾಗಿ ಹಿಂದಕ್ಕೆ ಬಂದೆ. ಮೈಲಾರಿ ಹೊರಗೆ ನಿಂತಿದ್ದ, ಅಷ್ಟು ಹೊತ್ತು ಶಾಫ್ಟಿನ ಹತ್ತಿರ ಶಾಂಭವಿ ಒಬ್ಬಳೇ ಇದ್ದಳು. ಆಮೇಲೆ ಮೈಲಾರಿ ಅದನ್ನು ಹೊತ್ತುಕೊಂಡು ಹೋದ. ಸಂಜೆಗೆ ನೀರು ಬಂತು. ಜನ ನಲ್ಲಿಗೆ ಕುಂಕುಮ ಇಟ್ಟರು. ನನಗಂತೂ ಬಹಳ ಹೆಮ್ಮೆಯಾಗಿತ್ತು.

ಎಂಟು ತಿಂಗಳು ಪಂಪು ಓಡಿತು. ಅದರ ಬೇರಿಂಗಿಗೆ ದಿನಾ ಬೆಳಗ್ಗೆ ಎಣ್ಣೆ ಬಿಡಬೇಕು ಅಂತ ಮೈಲಾರಿಗೆ ಬಾರಿ ಬಾರಿ ಹೇಳಿದ್ದೆ. ಅವನು ಮೊದಲು ದಿನಾ ಬಿಟ್ಟ, ಆಮೇಲೆ ವಾರಕ್ಕೊಮ್ಮೆ, ಆಮೇಲೆ ನೆನಪಾದಾಗ. ಶಾಫ್ಟು ಮೇಷ್ಟ್ರದಲ್ಲವೇ? ಮಾಘಮಾಸದ ಒಂದು ಹಗಲು ಪಂಪು ಹಾಕಿ, ತೋಟದ ಮನೆಯ ಮದುವೆಯ ಊಟಕ್ಕೆ ಹೋದ. ಬಾವಿಯಲ್ಲಿ ನೀರು ತಳ ಕಂಡಿತ್ತು. ಪಂಪು ಒಣಗಿಕೊಂಡೇ ಎರಡು ತಾಸು ಓಡಿತು.

ನಾವು ಲ್ಯಾಬಿನಲ್ಲಿದ್ದೆವು. ಮೈಲಾರಿ ಬಾಯಲ್ಲಿದ್ದ ಎಲೆ ಅಡಿಕೆಯನ್ನೂ ಉಗಿಯದೆ ಓಡಿ ಬಂದ. "ಮೇಷ್ಟ್ರೇ, ಕೂತ್ಕಳ್ರಿ! ಮೊದ್ಲು ಕೂತ್ಕಳ್ರಿ! ಶಾಫ್ಟು ಬಿಗೀತಾ ಐತೆ, ಕಿರುಗುಡ್ತಾ ಐತೆ. ಮೋಟ್ರು ಬಂದ್ ಮಾಡಕ್ಕೆ ಹ್ಯಾಂಡಲ್ಲೇ ಬರಾಕಿಲ್ಲ. ಇನ್ನೇನು ಮುರೀತೈತೆ!"

ಮಕ್ಕಳು ಕುರ್ಚಿ ಎಳೆದು ತಂದರು. ನಾನು ಕೂತು, ಕರವಸ್ತ್ರ ಸುತ್ತಿ ಹಲ್ಲಿನ ನಡುವೆ ಕಚ್ಚಿಕೊಂಡೆ. ಶಾಫ್ಟು ಅಂದರೆ ಬೆನ್ನುಮೂಳೆ, ಅದು ನನಗೆ ಗೊತ್ತಿತ್ತು. ಊರಿನ ಆ ತುದಿಯಿಂದ 'ಢಣ್' ಅಂತ ಒಂದು ಸದ್ದು ಬಂತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಏನೂ ಆಗಲಿಲ್ಲ.

"ಬಂತಾ ಮೇಷ್ಟ್ರೇ?" ಅಂದ ಮೈಲಾರಿ.

ನಾನು ಕರವಸ್ತ್ರ ತೆಗೆದೆ. ಒಂದು ಗಳಿಗೆ ಸಂತೋಷವೇ ಆಯಿತು, ಸುಳ್ಳು ಯಾಕೆ ಹೇಳಲಿ! ಮುರಿದದ್ದು ಬೇರೆ ಏನೋ ಇರಬೇಕು ಅಂದುಕೊಂಡೆ. ಅಷ್ಟರಲ್ಲಿ ಕೋಣೆಯ ಮೂಲೆಯ ಲೇತು ನಿಂತ ಸದ್ದು ಕೇಳಿಸಿತು. ಶಾಂಭವಿ ಕೈಚಾಚಿ ಮೊದಲು ಮಷೀನು ಆಫ್ ಮಾಡಿದ್ದಳು. ಆಮೇಲೆ ಲೇತಿನ ಕಾಲು ಹಿಡಿದುಕೊಂಡು ನೆಲಕ್ಕೆ ಕುಸಿದಳು. ಕೂಗಲೂ ಇಲ್ಲ.

ನಾನು ಓಡಿ ಹೋಗಿ ಅವಳ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡೆ. "ಏನು ಮಾಡ್ದೆ ಮಗಾ? ಏನು ಮಾಡ್ಬಿಟ್ಟೆ?"

"ನೀವು ಅರ ಎಳೆದ ಕಡೆ ಸಿಬಿರು ಉಳಿದಿತ್ತು ಸಾರ್," ಅಂದಳು. ತುಟಿ ಬೆಳ್ಳಗಾಗಿತ್ತು. "ಹಂಗೇ ಕೊಡೋಕೆ ಮನಸ್ಸು ಬರ್ಲಿಲ್ಲ. ಚೂರು ಉಜ್ಜಿದೆ, ಅಷ್ಟೇ."

ನನ್ನ ಕೈ ನಡುಗಿ ಬಿಟ್ಟ ಸಿಬಿರು ಅದು. ಬಿಡಬಾರದು ಅಂತ ಎರಡು ವರ್ಷ ಬಡಿದುಕೊಂಡವನೂ ನಾನೇ.

ಎರಡು ದಿನ ಅವಳು ಬೋರಲು ಮಲಗಿದ್ದಳು, ಅನ್ನ ನೀರು ಇಲ್ಲ. ನಾನು ಅವರ ಮನೆಯ ಮುಂದೆ ಹೋಗಿ ನಿಂತೆ. ಪುಟ್ಟತಾಯಮ್ಮ ಬಯ್ಯುತ್ತಾಳೆ, ಪೊರಕೆ ತಗೊಳ್ಳುತ್ತಾಳೆ ಅಂದುಕೊಂಡಿದ್ದೆ. ಅವಳು ನನ್ನನ್ನು ನೋಡಿ ಬಾಗಿಲು ಹಾಕಿಕೊಂಡಳು, ಮೆಲ್ಲಗೆ, ಸದ್ದಾಗದ ಹಾಗೆ. ಅದು ರಾಚಪ್ಪ ಚಿಲಕ ಹಾಕಿದ ಬಾಗಿಲು. ಸತ್ತವನಿಗೆ ನೋಯುವುದಿಲ್ಲ ಅಂತ ಅವಳಿಗೂ ಗೊತ್ತು.

ಸರಿಮಾಡಬೇಕಾದವಳು ಶಾಂಭವಿಯೇ, ಬೇರೆ ದಾರಿ ಇರಲಿಲ್ಲ. ಎರಡು ತುಂಡಿಗೂ ತೂತು ಕೊರೆದು, ಒಳಗೆ ಗೂಟ ಕೊಟ್ಟು, ಸುತ್ತ ವೆಲ್ಡಿಂಗ್ ಹಾಕಿ, ಮತ್ತೆ ಲೇತಿಗೆ ಕಟ್ಟಿ ತಿರುವಬೇಕು. ಮೂರನೇ ದಿನ ಬೆಳಗ್ಗೆ ಅವಳನ್ನು ಬಾಗಿಲ ಹಲಗೆಯ ಮೇಲೆ ಮಲಗಿಸಿ ನಾಲ್ಕು ಜನ ಲ್ಯಾಬಿಗೆ ಹೊತ್ತು ತಂದರು. ನಿಲ್ಲಲು ಆಗುತ್ತಿರಲಿಲ್ಲ. ಪುಟ್ಟತಾಯಮ್ಮ ಸೆರಗು ಬಿಗಿದು, ಮಗಳ ಹಿಂದೆ ನಿಂತು, ಎರಡೂ ಕೈಯಲ್ಲಿ ಸೊಂಟ ಅಪ್ಪಿ ಹಿಡಿದು ಎತ್ತಿ ನಿಲ್ಲಿಸಿದಳು. ಹಾಗೆಯೇ ಹಿಡಿದುಕೊಂಡು ನಿಂತಳು, ಬೆಳಗ್ಗೆ ಒಂಬತ್ತರಿಂದ ಮೂರೂವರೆ ತನಕ. ಮಗಳು ಬೆವರಿದರೆ ತಾಯಿ ತನ್ನ ಕೆನ್ನೆಯಿಂದಲೇ ಅವಳ ಕತ್ತು ಒರೆಸುತ್ತಿದ್ದಳು. ಹೊರಗೆ ಕಾಂಪೌಂಡಿನುದ್ದಕ್ಕೂ ಊರಿನ ಜನ ಖಾಲಿ ಕೊಡ ಹಿಡಿದು ಕೂತಿದ್ದರು. ನನಗೆ ಅವರೆಲ್ಲರ ಮೇಲೆ ರೋಷ ಉಕ್ಕಿತು, ನನ್ನ ಮೇಲೆ ಅದಕ್ಕಿಂತ ಹೆಚ್ಚು.

ಕೊನೆಯ ಸುತ್ತು ಮುಗಿಯಿತು. ಇನ್ನು ಅಂಚು ಉಜ್ಜುವುದೊಂದು ಬಾಕಿ. ನಾನು ಎಮರಿ ಕಾಗದ ಹಿಡಿದು ಮುಂದೆ ಬಂದೆ.

"ಇದು ನನಗೆ ಬಿಡವ್ವ. ನಿನ್ನ ಪಾಲಿನದು ಮುಗೀತು. ಮುಂದಿನದು ನನ್ನ ಬೆನ್ನಿಗೆ ಬರಲಿ."

"ಬಿಡು ನನ್ನ ತಾಯಿ," ಅಂದಳು ಪುಟ್ಟತಾಯಮ್ಮ ಹಿಂದಿನಿಂದ. "ಮೇಷ್ಟ್ರು ಭಾಷೆ ಕೊಟ್ಟವ್ರೆ. ಬಿಡು."

ಶಾಂಭವಿ ನನ್ನ ಕಡೆ ತಿರುಗಿದಳು. "ಕೈ ನೀಡಿ ಸಾರ್."

ನೀಡಿದೆ. ಕಾಗದ ಪಟಪಟ ಅಂತ ಅಲುಗುತ್ತಿತ್ತು. ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡೆ, ಎರಡೂ ನಡುಗಿದವು. ಅವಳು ಅಳುತ್ತಿದ್ದಳು.

"ಇವ್ರು ಹಾಕಿದ್ರೆ ಮೇಷ್ಟ್ರದು ತಾನೇ ಅಂತ ಯಾರೂ ನೋಡ್ಕಳಾಕಿಲ್ಲ, ತಿಂಗಳಿಗೇ ಮುರೀತೈತವ್ವ," ಅಂದಳು ತಾಯಿಗೆ. "ನಾನು ಹಾಕಿದ್ರೆ ಮುರಿಯಲ್ಲ."

ಪುಟ್ಟತಾಯಮ್ಮ ಮಗಳ ಸೊಂಟವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು. ನಾನು ಎಮರಿ ಕಾಗದವನ್ನು ಶಾಂಭವಿಯ ಕೈಗೆ ಕೊಟ್ಟೆ. ಅವಳು ಉಜ್ಜಿದಳು, ಉಗುರು ಆಡಿಸಿ ನೋಡಿದಳು, ಮತ್ತೆ ಉಜ್ಜಿದಳು. ನೋವು ಬಿಟ್ಟಿರಬೇಕು, ತಾಯಿಯ ಹಿಡಿತದಿಂದ ಬಿಡಿಸಿಕೊಂಡು ತಾನೇ ನಿಂತಳು. ಶಾಫ್ಟನ್ನು ಎರಡೂ ಕೈಯಲ್ಲಿ ಎತ್ತಿ ಬಾಗಿಲಲ್ಲಿ ಕಾದಿದ್ದ ಮೈಲಾರಿಗೆ ಒಪ್ಪಿಸಿ, "ಮೇಷ್ಟ್ರ ಕೈಗೆ ಕೊಡಬ್ಯಾಡ ಮಾವ," ಅಂದಳು.

ಲ್ಯಾಬಿಗೆ ಈಗ ಬೀಗ ಬಿದ್ದಿದೆ. ಲೇತುಗಳ ಮೇಲೆ ಗೋಣಿ ಹೊದಿಸಿದ್ದೇನೆ. ಪಂಪು ಮಾತ್ರ ಓಡುತ್ತಿದೆ. ಬೀಗ ಹಾಕಿದ ಮಾರನೇ ದಿನ ಪುಟ್ಟತಾಯಮ್ಮ ನನ್ನ ತಂಗಿಯ ಮನೆಯ ಜಗಲಿಗೆ ಬಂದಳು. ಆಮೇಲೆ ಇವತ್ತಿನವರೆಗೂ ಅವಳು ನನ್ನ ಹತ್ತಿರ ಮಾತಾಡಿಲ್ಲ, ಅವತ್ತು ಆಡಿದ್ದೂ ಒಂದೇ ಮಾತು. "ಎಣ್ಣೆ ಎಲ್ಲಿಗೆ ಬಿಡಬೇಕು, ತೋರಿಸ್ರಿ."

ತೋರಿಸಿಕೊಟ್ಟೆ. ಈಗ ದಿನಾ ಬೆಳಗ್ಗೆ, ಒಲೆ ಹಚ್ಚುವುದಕ್ಕೂ ಮುಂಚೆ, ಎಣ್ಣೆ ಡಬ್ಬಿ ಹಿಡಿದುಕೊಂಡು ಅವಳೇ ಪಂಪ್‌ಮನೆಗೆ ಹೋಗುತ್ತಾಳೆ.